ವಾಪಸ್ ಬೇಡವೆಂದ ಡಬ್ಬಿಗಳು

ನಮ್ಮ ಅಡುಗೆಮನೆಯ ಮೇಲಿನ ಕಪಾಟನ್ನು ತೆರೆಯುವುದಕ್ಕೆ ಒಂದು ಕ್ರಮವಿದೆ. ಮೊದಲು ಎಡಗೈಯನ್ನು ತಲೆಗೆ ಅಡ್ಡ ಹಿಡಿಯಬೇಕು. ಬಲಗೈಯಿಂದ ಬಾಗಿಲನ್ನು ಬೆರಳಷ್ಟು ಸರಿಸಿ, ಒಳಗೆ ಏನಾದರೂ ಜಾರುತ್ತಿದೆಯೇ ಎಂದು ಕಿವಿಗೊಟ್ಟು ಕೇಳಬೇಕು. ಸದ್ದಿಲ್ಲ ಎಂದು ಖಾತ್ರಿಯಾದ ಮೇಲೆ ಪೂರ್ತಿ ತೆರೆಯಬೇಕು. ಈ ಕ್ರಮ ನನಗೆ ಗೊತ್ತು, ನನ್ನ ಅವ್ವನಿಗೆ ಗೊತ್ತು. ನಮ್ಮ ಯಜಮಾನರಿಗೆ ಗೊತ್ತಿಲ್ಲ. ಅವರು ಊಟದ ತಟ್ಟೆಯ ಆಚೆಗಿನ ಅಡುಗೆಮನೆಯನ್ನು ಕಂಡವರಲ್ಲ, ಹಾಗಾಗಿ ಈ ಬರಹದಲ್ಲೂ ಅವರಿಗೆ ಕೆಲಸವಿಲ್ಲ.

ಮಗಳು ಸುಜಾತಾಳಿಗೂ ಗೊತ್ತಿರಲಿಲ್ಲ. ಅವಳು ಪುಣೆಯಲ್ಲಿ ಪಥ್ಯದ ಊಟದ ಬಗ್ಗೆ ಏನೋ ಓದಿ, ಸೊಲ್ಲಾಪುರದ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಹಿಡಿದು ಆಗಷ್ಟೇ ಮನೆಗೆ ಮರಳಿದ್ದಳು. ಕಳೆದ ಬೇಸಿಗೆಯ ಒಂದು ಭಾನುವಾರ, ರವೆ ಹುಡುಕುವುದಕ್ಕೆಂದು ಕಪಾಟಿನ ಬಾಗಿಲನ್ನು ಎರಡೂ ಕೈಯಿಂದ ಎಳೆದಳು. ಐಸ್‌ಕ್ರೀಮಿನ ಡಬ್ಬಿ, ಶ್ರೀಖಂಡದ ಡಬ್ಬಿ, ಹೋಟೆಲಿನ ಪಾರ್ಸಲ್ ಡಬ್ಬಿ, ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ, ಎಲ್ಲವೂ ಅವಳ ಹೆಗಲ ಮೇಲೆ ಸುರಿದವು. ನಾನು ಓಡಿಬಂದು ಮೊದಲು ಡಬ್ಬಿಗಳು ಒಡೆದಿವೆಯೇ ಎಂದು ನೋಡಿದೆ. ಅದನ್ನು ಅವಳು ಇವತ್ತಿನವರೆಗೂ ಕ್ಷಮಿಸಿಲ್ಲ.

"ಆಯಿ, ಹೇ ಕಾಯ್? ಇದು ಕಪಾಟೋ, ಭಂಗಾರದ ಗುಜರಿ ಅಂಗಡಿಯೋ?" ಎಂದಳು.

"ಇರಲಿ ಬಿಡು, ಉಪಯೋಗಕ್ಕ ಬರ್ತಾವ" ಎಂದೆ.

ನೀವು ನಗಬೇಡಿ. ನಿಮ್ಮ ಮನೆಯ ಕಪಾಟಿನಲ್ಲೂ ಇಂಥದೊಂದು ಗುಡ್ಡ ಇದ್ದೇ ಇರುತ್ತದೆ, ನೀವೂ ಕೇಳಿದವರಿಗೆ ಇದೇ ಮಾತು ಹೇಳಿರುತ್ತೀರಿ. ನಾನು ಅವುಗಳನ್ನು ಬಿಟ್ಟುಕೊಡುವ ಪೈಕಿ ಅಲ್ಲ. ನಾನು ದುಡಿದು ನಡೆಸುವ ಮನೆಯಲ್ಲಿ ಏನು ಇಡಬೇಕು, ಏನು ಒಗೆದು ಬಿಸಾಡಬೇಕು ಎಂದು ಬೇರೆಯವರು ಹೇಳಿದರೆ ನನಗೆ ಆಗಿಬರುವುದಿಲ್ಲ, ಹೇಳಿದವಳು ಹೊಟ್ಟೆಯಲ್ಲಿ ಹುಟ್ಟಿದ ಮಗಳಾದರೂ ಸರಿ.

ಆದರೆ ಸುಜಾತಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟಳು. ಒಂದೊಂದೇ ಡಬ್ಬಿಯನ್ನು ಎತ್ತಿ, ಬೋರಲು ಹಾಕಿ, ತಳದಲ್ಲಿದ್ದ ತ್ರಿಕೋನವನ್ನೂ ಅದರೊಳಗಿನ ಅಂಕಿಯನ್ನೂ ಓದತೊಡಗಿದಳು. ನಾನು ಇಷ್ಟು ವರ್ಷ ತೊಳೆದರೂ ಆ ತ್ರಿಕೋನವನ್ನು ನೋಡಿರಲಿಲ್ಲ. ಒಂದು ಎಂದಿದ್ದರೆ ಒಂದು ಸಲದ ಉಪಯೋಗಕ್ಕೆ ಎಂದು ತಿಳಿ, ನೀರಿನ ಬಾಟಲಿ ಅಂಥದು ಎಂದಳು. ಐದು ಇದ್ದರೆ, ಜೊತೆಗೆ ಲೋಟ ಮತ್ತು ಫೋರ್ಕಿನ ಚಿತ್ರ ಇದ್ದರೆ, ಊಟದ ಪದಾರ್ಥಕ್ಕೆ ನಡೆಯುತ್ತದೆ ಎಂದಳು. ಮೂರು, ಆರು ಬಂದರೆ ಮೂಗು ಮುರಿದಳು.

"ಅಂದ್ರ ಐದನೇ ನಂಬರ್ ಇದ್ರ ಎಲ್ಲಾ ಚಲೋ ಅಂದಂಗಾತು" ಎಂದೆ ನಾನು.

"ಹಂಗಲ್ಲ. ನಂಬರ್ ಅಂದ್ರ ಅದು ಯಾವ ಜಾತಿ ಪ್ಲಾಸ್ಟಿಕ್ ಅಂತ ಅಷ್ಟ ಹೇಳ್ತದ. ಐದಿದ್ರೂ ಗೀರು ಬಿದ್ದಿದ್ರ ನಕೊ, ವಾಸನಿ ಹಿಡದಿದ್ರ ಬ್ಯಾಡ."

ಹಾಸಿಗೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದ ಅವ್ವ ತಲೆ ಎತ್ತಿ, "ಪ್ಲಾಸ್ಟಿಕ್‌ಗೂ ಜಾತಿ ಬಂತಾ?" ಎಂದು ಕೇಳಿ, ಮತ್ತೆ ಸುಲಿಯತೊಡಗಿದಳು.

ಅವ್ವ ಅರ್ಧ ವರ್ಷ ನಮ್ಮೂರು ಕರಜಗಿಯಲ್ಲಿ ನನ್ನ ಅಣ್ಣನ ಮನೆಯಲ್ಲಿರುತ್ತಾಳೆ, ಬೇಸಿಗೆ ಬಂತೆಂದರೆ ಸೊಲ್ಲಾಪುರಕ್ಕೆ ನನ್ನ ಹತ್ತಿರ ಬರುತ್ತಾಳೆ. ಕರಜಗಿಗಿಂತ ಸೊಲ್ಲಾಪುರ ಎಲ್ಲಿ ತಂಪು ಎಂದು ಕೇಳಬೇಡಿ, ನಾನು ಕೇಳಿ ಬೈಸಿಕೊಂಡಿದ್ದೇನೆ. ಅಕ್ಕಲಕೋಟ ರಸ್ತೆಯ ಕಡೆಗೆ ಒಂದು ಸಣ್ಣ ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಮನೆ. ಕಟ್ಟಡದವರೆಲ್ಲ ನನ್ನನ್ನು ಕಂಡಕ್ಟರಬಾಯಿ ಎನ್ನುತ್ತಾರೆ, ಯಾಕೆಂದರೆ ನಾನು ಎಸ್.ಟಿ., ಅಂದರೆ ಮಹಾರಾಷ್ಟ್ರದ ಸರ್ಕಾರಿ ಬಸ್ಸಿನ ಕಂಡಕ್ಟರ್.

ಬಸ್ಸು ಎಂದ ಕೂಡಲೇ ಡಬ್ಬಿಗಳ ಇನ್ನೊಂದು ಸಂಸಾರವೇ ಕಣ್ಣ ಮುಂದೆ ಬರುತ್ತದೆ. ಊರುಗಳಿಂದ ಸೊಲ್ಲಾಪುರಕ್ಕೆ ಓದಲು ಬಂದ ಹುಡುಗಿಯರಿಗೆ ತಾಯಂದಿರು ಬಸ್ಸಿನಲ್ಲೇ ಡಬ್ಬಿ ಕಳಿಸುತ್ತಾರೆ. "ಬಾಯಾರ, ಸ್ಟ್ಯಾಂಡಿನ್ಯಾಗ ನಮ್ಮ ಹುಡುಗಿ ನಿಂತಿರ್ತಾಳ್ರಿ, ಕೊಟ್ಟಬಿಡ್ರಿ" ಎಂದು ಕಿಟಕಿಯಿಂದಲೇ ತೂರಿಸುತ್ತಾರೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಲೆ. ಮುಚ್ಚಳ ತೆರೆಯದೆಯೇ ಯಾವ ಡಬ್ಬಿ ಯಾವ ಮನೆಯದು ಎಂದು ವಾಸನೆಯಿಂದ ಹೇಳಬಲ್ಲೆ ಎಂದು ನಾನು ಜಂಬ ಕೊಚ್ಚಿಕೊಂಡದ್ದುಂಟು. ಆ ಜಂಬ ಒಂದು ಮಧ್ಯಾಹ್ನ ಇಳಿಯಿತು. ಎಣ್ಣೆ ತೇಲುವ ಮಾವಿನ ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಇಂಜಿನ್ನಿನ ಮೇಲಿನ ಮುಚ್ಚಳದ ಮೇಲೆ ಇಟ್ಟಿದ್ದೆ. ಅಕ್ಕಲಕೋಟ ದಾಟುವಷ್ಟರಲ್ಲಿ ಅದರ ತಳ ಮೆತ್ತಗಾಗಿ ಕುಸಿದು, ಉಪ್ಪಿನಕಾಯಿಯೆಲ್ಲ ಡ್ರೈವರನ ಚಪ್ಪಲಿಯ ಪಾಲಾಯಿತು. ಅವನು ಈಗಲೂ ನನ್ನ ಜೊತೆ ಡ್ಯೂಟಿ ಬಂದರೆ ಮೊದಲು ಇಂಜಿನ್ನಿನ ಮೇಲೆ ಕೈ ಆಡಿಸಿ ನೋಡುತ್ತಾನೆ.

ಆ ಕಥೆ ಕೇಳಿದ ಸುಜಾತಾ ನಗಲಿಲ್ಲ. ಬಿಸಿ, ಎಣ್ಣೆ, ಹುಳಿ, ಈ ಮೂರೂ ಪ್ಲಾಸ್ಟಿಕ್ಕಿನಿಂದ ಏನೇನನ್ನೋ ಎಳೆದು ಊಟಕ್ಕೆ ಇಳಿಸುತ್ತವೆ, ಉಪ್ಪಿನಕಾಯಿಗೆ ಗಾಜು ಅಥವಾ ಪಿಂಗಾಣಿಯೇ ಸರಿ ಎಂದು ಪಾಠ ಶುರುಮಾಡಿದಳು. ನನಗೆ ಆಗ ಅಕ್ಕಲಕೋಟ ಸ್ಟ್ಯಾಂಡಿನ ಚಹಾ ನೆನಪಾಯಿತು. ಕುದಿಯುವ ಚಹಾವನ್ನು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ರಬ್ಬರ್ ಹಾಕಿ, ಬೆರಳಿಗೆ ತೂಗುಹಾಕಿ ಕೊಡುತ್ತಿದ್ದರು. ವರ್ಷಾನುಗಟ್ಟಲೆ ಅದನ್ನೇ ಕುಡಿದು, ಆ ಚೀಲದ ವಾಸನೆಯನ್ನೇ ಏಲಕ್ಕಿ ಎಂದುಕೊಂಡಿದ್ದವಳು ನಾನು. ನನ್ನ ಸೋದರಮಾವನಂತೂ ಬೆಳೆಗೆ ಹೊಡೆಯುವ ಔಷಧದ ಕ್ಯಾನನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಅದರಲ್ಲೇ ಹೊಲಕ್ಕೆ ಕುಡಿಯುವ ನೀರು ಒಯ್ಯುತ್ತಿದ್ದ. ಗೋಡೆಗೆ ಹಚ್ಚುವ ಬಣ್ಣದ ಬಕೆಟ್ಟು ಖಾಲಿಯಾದರೆ ಅದು ಜೋಳದ ಹಿಟ್ಟಿನ ಡಬ್ಬಿ. ಅದನ್ನು ಪಡೆಯುವುದಕ್ಕೆ ಓಣಿಯಲ್ಲಿ ಜಗಳವಾಗುತ್ತಿತ್ತು, ಬಣ್ಣ ಹಚ್ಚಿಸಿದವರ ಮನೆಯ ಮುಂದೆ ಹೆಂಗಸರು ಮುಂಜಾನೆಯಿಂದ ಸುಳಿದಾಡುತ್ತಿದ್ದರು. ಇದನ್ನೆಲ್ಲ ಹೇಳಿದಾಗ ಮಗಳು ಹಣೆ ಹಿಡಿದುಕೊಂಡು, "ನೀವೆಲ್ಲಾ ಬದುಕಿ ಉಳದದ್ದ ದೊಡ್ಡದು" ಎಂದಳು. ನನಗೆ ಸಿಟ್ಟು ಬಂತು. ತಾಮ್ರದ ಕೊಡ ಕೊಳ್ಳಲು ದುಡ್ಡೇ ಇಲ್ಲದಿದ್ದವರನ್ನು ಹೇಗೆ ಬೈಯುವುದು?

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ದಪ್ಪನೆಯ, ಗೀರಿಲ್ಲದ ಡಬ್ಬಿಗಳು ನನ್ನವು. ಅವುಗಳಲ್ಲಿ ರವೆ, ಬೇಳೆ, ಸುಲಿದ ಶೇಂಗಾ, ಹೀಗೆ ಒಣ ಪದಾರ್ಥ ಮಾತ್ರ. ಅಡುಗೆ ಆರಿ ತಣ್ಣಗಾಗುವ ತನಕ ಪ್ಲಾಸ್ಟಿಕ್ಕಿಗೆ ಹಾಕಬಾರದು. ಬಿಸಿಮಾಡುವ ಮೈಕ್ರೋವೇವ್ ಪೆಟ್ಟಿಗೆಯೊಳಗೆ ಅದನ್ನು ಇಡಲೇಬಾರದು, ಡಬ್ಬಿಯ ಮೇಲೆ ಏನೇ ಬರೆದಿರಲಿ. ತಂತಿಯ ಜುಂಗಿನಿಂದ ತಿಕ್ಕಬಾರದು. ನಮ್ಮ ಸೊಲ್ಲಾಪುರದ ಬಿಸಿಲಿಗೆ ಕಿಟಕಿಯಲ್ಲಿ ಒಣಗಿಸಬಾರದು. ನಾನು ಒಂದೊಂದಕ್ಕೂ ವಾದ ಮಾಡಿ, ಸೋತು, ಸೋತಿಲ್ಲವೆಂಬಂತೆ ಮುಖ ಮಾಡಿದೆ.

ಆದರೂ ನೆಲದ ಮೇಲೆ ಒಂದು ದೊಡ್ಡ ರಾಶಿ ಉಳಿಯಿತು. ತೆಳ್ಳಗಿನ, ಒತ್ತಿದರೆ ಚಟಚಟ ಎನ್ನುವ ಡಬ್ಬಿಗಳು. ಹೆಚ್ಚಿನವು ಶ್ರೀಖಂಡದವು, ಒಂದಷ್ಟು ಐಸ್‌ಕ್ರೀಮಿನವು.

"ಇವೆಲ್ಲಾ ಒಗಿಯೂವೇ. ತಣ್ಣನ ಪದಾರ್ಥಕ್ಕ ಒಂದ ಸಲಕ್ಕಂತ ಮಾಡಿದ್ದು. ಇಷ್ಟು ಶ್ರೀಖಂಡ ಯಾವಾಗ ತಿಂದ್ರಿ ನೀವು?" ಎಂದಳು ಸುಜಾತಾ.

ನಾವು ಶ್ರೀಖಂಡ ತಿಂದಿರಲಿಲ್ಲ. ಅವೆಲ್ಲ ಎದುರುಮನೆಯ ಕಾಕು ಕೊಟ್ಟ ಡಬ್ಬಿಗಳು.

ಕಾಕು ಎಂದರೆ ನಮ್ಮ ಬಾಗಿಲಿಗೆ ಎದುರು ಬಾಗಿಲಿನವರು. ಅವರದು ಚಾದರದ ವ್ಯಾಪಾರ, ಊರಲ್ಲಿ ಹಳೆಯ ಅಂಗಡಿ. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವರಷ್ಟೆ, ಆದರೆ ಕಟ್ಟಡದವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುವುದರಿಂದ ನನ್ನ ಮುದುಕಿ ಅವ್ವನೂ ಕಾಕು ಎನ್ನುತ್ತಾಳೆ. ಒಳ್ಳೆಯ ಹೆಂಗಸು, ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ. ನನಗೆ ಜ್ವರ ಬಂದಾಗ ಮೂರು ಹೊತ್ತು ಗಂಜಿ ಕಳಿಸಿದವರು. ಅಮಾವಾಸ್ಯೆ, ಹುಣ್ಣಿಮೆ, ಶ್ರಾವಣ ಸೋಮವಾರ, ಯಾವ ಹಬ್ಬವೂ ನಮ್ಮ ಮನೆಗೆ ಒಂದು ಡಬ್ಬಿ ಬರದೆ ಹೋಗುತ್ತಿರಲಿಲ್ಲ. ಡಬ್ಬಿ ಕೊಡುವಾಗ ಪ್ರತಿ ಸಲ ಒಂದೇ ಮಾತು: "ಡಬ್ಬಿ ವಾಪಸ್ ಬ್ಯಾಡ್ರಿ, ಒಗದಬಿಡ್ರಿ."

ಅವ್ವನಿಗೆ ಆ ಮಾತು ಕಿವಿಯೊಳಗೆ ಇಳಿಯಲೇ ಇಲ್ಲ. ಕರಜಗಿಯ ನಮ್ಮ ಓಣಿಯಲ್ಲಿ ಒಬ್ಬರ ಮನೆಯ ಡಬ್ಬಿಯನ್ನು ಖಾಲಿ ವಾಪಸ್ ಕೊಡುವ ಪದ್ಧತಿಯೇ ಇಲ್ಲ. ಏನೂ ಇಲ್ಲದಿದ್ದರೆ ಒಂದು ಬೆಲ್ಲದ ಚೂರು, ಒಂದು ಹಿಡಿ ಶೇಂಗಾ, ಅದೂ ಇಲ್ಲದಿದ್ದರೆ ಎರಡು ಒಣಮೆಣಸಿನಕಾಯಿ ಹಾಕಿ ಕೊಡುತ್ತಾರೆ. ಅವ್ವ ಆರಂಭದಲ್ಲಿ ಆ ಶ್ರೀಖಂಡದ ಡಬ್ಬಿಯಲ್ಲೇ ಶೇಂಗಾ ಹೋಳಿಗೆ ಇಟ್ಟು ಎದುರುಮನೆಗೆ ಒಯ್ದಿದ್ದಳು. ಕಾಕು ಬಾಗಿಲಲ್ಲೇ ನಿಂತು, "ಅಯ್ಯ, ಯಾಕ ತಕಲೀಫ್ ಅವ್ವಾ, ನಿಮ್ಮ ಮೊಮ್ಮಗಳು ತಿನ್ನಲಿ ಬಿಡ್ರಿ" ಎಂದು ನಗುನಗುತ್ತಾ ವಾಪಸ್ ಕೊಟ್ಟರು. ಇನ್ನೊಂದು ಸಲವೂ ಹಾಗೇ ಆಯಿತು. ಆಮೇಲೆ ಅವ್ವ ಒಯ್ಯುವುದನ್ನು ಬಿಟ್ಟಳು. ಒಗೆಯುವುದಕ್ಕೂ ಮನಸ್ಸಾಗಲಿಲ್ಲ. ಬೇರೆಯವರ ಡಬ್ಬಿ ಅಲ್ಲವೇ, ಒಂದಲ್ಲ ಒಂದು ದಿನ ವಾಪಸ್ ಕೊಡಬೇಕು ಎಂದು ತೊಳೆದು ತೊಳೆದು ಕಪಾಟಿಗೆ ಏರಿಸುತ್ತ ಹೋದೆವು. ಒಗೆಯಲು ಕೊಟ್ಟದ್ದನ್ನು ಸಾಲ ಎಂದು ತಿಳಿದು ಕಾಪಾಡಿದ ಪೆದ್ದಿಯರು ನಾವಿಬ್ಬರೇ ಇರಬೇಕು.

ಸುಜಾತಾ ಆ ರಾಶಿಯನ್ನು ಗೋಣಿಚೀಲಕ್ಕೆ ತುಂಬಿ ಬಾಲ್ಕನಿಯಲ್ಲಿಟ್ಟಳು. ಕಸದ ಗಾಡಿಗೆ ಕೊಡುತ್ತೇನೆ ಎಂದಳು. ನಾನು ಕೊಡಬೇಡ ಎಂದೆ.

ಅದಾದ ಕೆಲವೇ ದಿನಕ್ಕೆ ಅಕ್ಷಯ ತದಿಗೆ ಬಂತು. ಮಧ್ಯಾಹ್ನ ಕಾಕು ಬಾಗಿಲು ಬಡಿದು ಎರಡು ಡಬ್ಬಿ ಕೊಟ್ಟರು. ಒಂದರಲ್ಲಿ ಹೋಳಿಗೆ, ಇನ್ನೊಂದರಲ್ಲಿ ಒಲೆಯಿಂದ ಆಗಷ್ಟೇ ಇಳಿಸಿದ ಹೋಳಿಗೆ ಸಾರು. ಅಡುಗೆಕಟ್ಟೆಯ ಮೇಲೆ ಇಡುವಷ್ಟರಲ್ಲಿ ಸಾರಿನ ಡಬ್ಬಿ ಸೊಟ್ಟಗಾಗಿತ್ತು. ಒಂದು ಬದಿ ಒಳಗೆ ಸೆಳೆದುಕೊಂಡು, ಮುಚ್ಚಳ ಎದ್ದು ನಿಂತು, ಸಾರು ಕಟ್ಟೆಯ ಮೇಲೆ ಹರಿಯಿತು. ಮಸಾಲೆಯ ಘಮದ ಜೊತೆಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಸುಜಾತಾ, "ಇದನ್ನ ಯಾರೂ ತಿನ್ನಬ್ಯಾಡ್ರಿ" ಎಂದು ತಟ್ಟೆ ಮುಚ್ಚಿದಳು. ಹಬ್ಬದ ಸಾರನ್ನು ಚೆಲ್ಲುವುದೆಂದರೆ ನನಗೆ ಕೈಯೇ ಏಳಲಿಲ್ಲ, ಆದರೂ ಚೆಲ್ಲಿದೆ.

ಕಾಕುಗೆ ಹೇಳಬೇಕು ಅನ್ನಿಸಿತು. ಬಯ್ಯುವುದಕ್ಕಲ್ಲ, ತಿಳಿಸುವುದಕ್ಕೆ. ಪಾಪ, ಅವರ ಮನೆಯಲ್ಲೂ ಹೀಗೇ ಬಿಸಿಬಿಸಿ ಹಾಕಿ ತಿನ್ನುತ್ತಿದ್ದರೆ? ಮಗಳಿಂದ ಹೊಸದಾಗಿ ಕಲಿತ ಪಾಠವನ್ನು ಒಪ್ಪಿಸುವ ಉಮೇದೂ ಇತ್ತು ಎನ್ನಿ. ಸೊಟ್ಟ ಡಬ್ಬಿಯನ್ನು ಕೈಯಲ್ಲಿ ಹಿಡಿದು ಬಾಗಿಲು ತೆರೆದೆ.

ಕಾಕು ಮೆಟ್ಟಿಲ ಮೇಲಿದ್ದರು. ಕೆಳಗಿನ ಮಹಡಿಯ ಮಾಸ್ತರರ ಮನೆಗೆ ಇಳಿಯುತ್ತಿದ್ದರು. ಅವರ ಕೈಯಲ್ಲಿ ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್ ಇತ್ತು. ಮಾಸ್ತರರ ಹೆಂಡತಿ ಬಾಗಿಲಿಗೆ ಬಂದು, "ಹೋದ ಸಲದ ನಿಮ್ಮ ಡಬ್ಬಿ ಇಲ್ಲೇ ಐತ್ರಿ, ಖೀರು ಮಾಡಿ ಹಾಕಿ ಕೊಡ್ತೀನಿ" ಎಂದರು. "ಆಗಲೇಳ್ರಿ, ಅವಸರಿಲ್ಲ" ಎಂದರು ಕಾಕು. ಮೇಲೆ ನಿಂತ ನನ್ನನ್ನು ಇಬ್ಬರೂ ನೋಡಲಿಲ್ಲ.

ನಾನು ಒಳಗೆ ಬಂದು ಬಾಗಿಲು ಹಾಕಿದೆ.

ಎಷ್ಟು ಸಣ್ಣ ವಿಷಯ ಎಂದು ನಿಮಗೆ ಅನ್ನಿಸಬಹುದು. ಡಬ್ಬಿ ಪ್ಲಾಸ್ಟಿಕ್ಕಿನದಾದರೇನು, ಸ್ಟೀಲಿನದಾದರೇನು, ಒಳಗಿನ ಹೋಳಿಗೆ ಒಂದೇ ಅಲ್ಲವೇ ಎನ್ನಬಹುದು. ಹಾಗಾದರೆ ನಾವು ಯಾರು ಎನ್ನುವುದನ್ನೂ ಹೇಳಿಬಿಡುತ್ತೇನೆ, ಹೇಳುವುದಕ್ಕೆ ನನಗೆ ನಾಚಿಕೆ ಇಲ್ಲ. ಅಜ್ಜನ ಕಾಲಕ್ಕೆ ನಮ್ಮದು ಊರಾಚೆಯ ಓಣಿ. ಅಪ್ಪನ ಕಾಲಕ್ಕೆ ನಾವು ಬೌದ್ಧರಾದೆವು. ನಮ್ಮ ಮನೆಯ ಎದುರುಗೋಡೆಯ ಮೇಲೆ ಬುದ್ಧನ ಫೋಟೋ ಇದೆ, ಪಕ್ಕದಲ್ಲಿ ನೀಲಿ ಸೂಟಿನವರ ಫೋಟೋ ಇದೆ, ಬಾಗಿಲು ತೆರೆದರೆ ಮೊದಲು ಕಾಣುವುದು ಅವೇ. ಕಾಕು ಬಾಗಿಲು ಬಡಿದಾಗಲೆಲ್ಲ ಅವನ್ನು ಕಂಡಿದ್ದಾರೆ. ನಾನು ಸಣ್ಣವಳಿದ್ದಾಗ ಕರಜಗಿಯಲ್ಲಿ ಅವ್ವ ಕೂಲಿಗೆ ಹೋದ ಮನೆಯವರು ಹಬ್ಬದ ದಿನ ಊಟ ಕೊಡುತ್ತಿದ್ದರು. ನಾವು ನಮ್ಮ ಪಾತ್ರೆಯನ್ನು ಅಂಗಳದಲ್ಲಿ ಇಡಬೇಕು, ಅವರು ಮೇಲಿನಿಂದ ಸುರಿಯಬೇಕು. ಸಾರು ಸಿಡಿದು ನನ್ನ ಲಂಗಕ್ಕೆ ಬೀಳುತ್ತಿತ್ತು. ಅವರ ಪಾತ್ರೆ ನಮ್ಮ ಓಣಿಗೆ ಬಂದದ್ದನ್ನು ನಾನು ಕಂಡಿಲ್ಲ, ಯಾಕೆಂದರೆ ಬಂದರೆ ಅದು ವಾಪಸ್ ಹೋಗಬೇಕಾಗುತ್ತಿತ್ತು. ಈಗ ಸುರಿಯುವುದಿಲ್ಲ. ಈಗ ಒಗೆಯುವಂಥ ಡಬ್ಬಿಯಲ್ಲಿ ಹಾಕಿ ನಗುನಗುತ್ತಾ ಕೈಗೇ ಕೊಡುತ್ತಾರೆ. ಅಷ್ಟು ವರ್ಷ ಆ ಡಬ್ಬಿಗಳನ್ನು ಪ್ರೀತಿ ಎಂದು ತೊಳೆದಿಟ್ಟೆನಲ್ಲ ಎಂದು ನನಗೆ ಮೈ ಉರಿದುಹೋಯಿತು. ಕಣ್ಣಲ್ಲಿ ನೀರೂ ಬಂತು, ಅದು ಇನ್ನಷ್ಟು ಸಿಟ್ಟು ತರಿಸಿತು.

ಅವ್ವನಿಗೆ ಹೇಳಿದೆ. ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನನಗ ಮೊದಲಿಂದ ಗೊತ್ತೈತಿ" ಎಂದಳು. "ಹೋಳಿಗಿ ಎರಡ ಸಲ ವಾಪಸ್ ಬಂತಲ್ಲ, ಆವಾಗ ತಿಳೀತು. ನೀ ಆಕಿ ಸಂಗಟ ಚಲೋ ಇದ್ದಿ, ಯಾಕ ಹೇಳಬೇಕು ಅಂತ ಸುಮ್ಮ ಇದ್ದೆ."

ಸುಜಾತಾ ಎದ್ದು ನಿಂತಳು. ಈಗಲೇ ಹೋಗಿ ಕೇಳುತ್ತೇನೆ ಎಂದಳು. ನಾನು ಅವಳ ಕೈ ಹಿಡಿದೆ. ಟಿಕೇಟಿಗಾಗಿ ದಿನಾ ಜಗಳವಾಡುವ ನನಗೆ ಎದುರುಮನೆಯ ಜೊತೆ ಜಗಳ ಬೇಡವಾಗಿತ್ತು. ಉಪಾಯವೊಂದು ಕೈಯಲ್ಲೇ ಇತ್ತು. "ಪ್ಲಾಸ್ಟಿಕ್‌ನಾಗ ಬಿಸಿ ಹಾಕಬಾರದಂತ್ರಿ, ಮಗಳು ಆಸ್ಪತ್ರಿಯಾಗ ಅದಾಳಲ್ಲ, ಅಕಿ ಬ್ಯಾಡ ಅಂತಾಳ" ಎಂದು ಹೇಳಿದರಾಯಿತು. ಆರೋಗ್ಯದ ಮಾತಿಗೆ ಯಾರೂ ಎದುರಾಡುವುದಿಲ್ಲ. ಕಾಕು ಆಗ ಸ್ಟೀಲಿನಲ್ಲಿ ಕೊಟ್ಟರೆ ಕೊಡಲಿ, ಕೊಡುವುದನ್ನೇ ಬಿಟ್ಟರೆ ಬಿಡಲಿ. ನನಗೆ ಈ ಉಪಾಯ ಬಹಳ ನಾಜೂಕಾಗಿ ಕಂಡಿತು.

"ಹಂಗ್ಯಾಕ?" ಎಂದಳು ಅವ್ವ. "ಡಬ್ಬಿ ಕರಗಿದ್ದು ಖರೆ, ಅದನ್ನೂ ಹೇಳು. ಆದ್ರ ಅದರ ಹಿಂದ ಅಡಗಬ್ಯಾಡ. ನಾಳಿ ಆಕಿ ಗಾಜಿನ ಬಾಟಲಿಯಾಗ ಹಾಕಿ ಕೊಟ್ಟು, ಅದನ್ನೂ ಒಗೀರಿ ಅಂದ್ರ ಏನ ಮಾಡ್ತಿ?"

ಅವ್ವ ಮುಂದುವರಿಸಿದಳು. "ಆಕಿ ಮನಿ ಡಬ್ಬಿ ನಮ್ಮ ಮನಿಗೆ ಬರೂದು ಆಮ್ಯಾಲಿಂದು. ಮೊದಲ ನಮ್ಮ ಡಬ್ಬಿ ಆಕಿ ಮನಿಗೆ ಹೋಗಲಿ. ಒಳಗಿಂದು ತಿಂತಾರೋ ಇಲ್ಲೋ, ಅದು ತಿಳೀಬೇಕು ನನಗ."

ಅವ್ವನ ಡಬ್ಬಿ ಎಂದರೆ ಅವಳು ಕೂಲಿ ಮಾಡುತ್ತಿದ್ದ ಕಾಲದಲ್ಲಿ ಅಕ್ಕಲಕೋಟದ ಪೇಟೆಯಲ್ಲಿ ಕೊಂಡ ಸ್ಟೀಲ್ ಡಬ್ಬಿ. ಪಾತ್ರೆಯ ಅಂಗಡಿಯವನು ಮಶೀನಿನ ಸೂಜಿ ಹಿಡಿದು, "ಯಾರ ಹೆಸರು ಹಾಕಲಿ? ಯಜಮಾನರದಾ, ಮಗಂದಾ?" ಎಂದು ಕೇಳಿದನಂತೆ. "ದುಡದಾಕಿ ನಾನು" ಎಂದು ಅವ್ವ ತನ್ನದೇ ಹೆಸರು ಹಾಕಿಸಿಕೊಂಡು ಬಂದಳು. ಸೋನವ್ವ, ಕರಜಗಿ. ಅಪ್ಪ ಒಂದು ವಾರ ಮುನಿಸಿಕೊಂಡಿದ್ದನಂತೆ. ಆ ಡಬ್ಬಿಯನ್ನು ಅವಳು ಸೊಲ್ಲಾಪುರಕ್ಕೆ ಬರುವಾಗ ಸೀರೆಗಳ ನಡುವೆ ಇಟ್ಟುಕೊಂಡು ತರುತ್ತಾಳೆ, ಹೋಗುವಾಗ ಒಯ್ಯುತ್ತಾಳೆ. ಅದನ್ನು ನನಗೂ ಮುಟ್ಟಲು ಕೊಡುವುದಿಲ್ಲ. ಅಂಥ ಡಬ್ಬಿ ಎದುರುಮನೆಗೆ ಹೋಗಿ ಕಸದ ಬುಟ್ಟಿಯ ಪಾಲಾದರೆ ಅಥವಾ ಒಳಗಿನದು ದನಕ್ಕೆ ಹೋದರೆ ಅವ್ವ ತಡೆದುಕೊಳ್ಳುತ್ತಾಳೆಯೇ ಎಂದು ನನಗೆ ಭಯವಾಯಿತು. ಬೇಡ ಅವ್ವಾ ಎಂದೆ. ಅವಳು ಯಾವತ್ತು ನನ್ನ ಮಾತು ಕೇಳಿದ್ದಾಳೆ?

ಬುದ್ಧ ಪೌರ್ಣಿಮೆಯ ದಿನ ಎಲ್ಲ ಕಡೆ ಖೀರು ಮಾಡುತ್ತಾರೆ. ಅವ್ವನಿಗೆ ಖೀರು ಎಂದರೆ ನೀರು. ಅವಳು ಗೋದಿ ಹುಗ್ಗಿ ಮಾಡಿದಳು. ಮುಂಜಾನೆಯಿಂದ ಗೋದಿ ಬೇಯಿಸಿ, ಬೆಲ್ಲ ಹಾಕಿ, ಗಸಗಸೆ, ಕೊಬ್ಬರಿ, ತುಪ್ಪ ಹಾಕಿ ತಿರುವಿದಳು. ನಮ್ಮ ಮನೆಯಲ್ಲಿ ಆ ಹುಗ್ಗಿಯ ಬಗ್ಗೆ ಹೊಗಳಿಕೆಯನ್ನು ಮಾತ್ರ ಆಡಬಹುದು. ಬೇರೆ ಮಾತಾಡಿದವರು ಮುಂದಿನ ವರ್ಷ ಹುಗ್ಗಿ ಕಂಡಿಲ್ಲ. ಕುದಿಯುತ್ತಿರುವಂತೆಯೇ ಡಬ್ಬಿಗೆ ತುಂಬಿ, "ಇದು ಸ್ಟೀಲ್ ಐತಿ, ಬಿಸಿ ಹಾಕಿದ್ರ ನಡೀತದಲ್ಲಾ?" ಎಂದು ಮೊಮ್ಮಗಳನ್ನು ಕೇಳಿದಳು. ನಡೆಯುತ್ತದೆ ಎಂದಳು ಸುಜಾತಾ. ಸೆರಗಿನಲ್ಲಿ ಹಿಡಿದುಕೊಂಡು ಅವ್ವ ಎದುರು ಬಾಗಿಲು ಬಡಿದಳು. ನಾನು ಹಿಂದೆ ನಿಂತೆ.

ಕಾಕು ಬಂದರು.

"ಇವತ್ತ ನಮ್ಮ ಹಬ್ಬ ಐತಿ ಕಾಕು. ಹುಗ್ಗಿ ತಂದೀನಿ."

"ಅಯ್ಯ, ಯಾಕ ತಕಲೀಫ್ ತಗೊಂಡ್ರಿ ಅವ್ವಾ? ಮೊಮ್ಮಗಳಿಗೆ..."

"ಮೊಮ್ಮಗಳು ತಿಂದಾಳ. ಇದು ನಿಮಗ."

ಕಾಕು ನನ್ನ ಕಡೆ ನೋಡಿದರು. ನಾನು ಬೇರೆ ಕಡೆ ನೋಡಲಿಲ್ಲ.

"ತಡೀರಿ, ಒಂದ ಡಬ್ಬಿ ತರ್ತೀನಿ, ಅದರಾಗ ಸುರವ್ರಿ" ಎಂದು ಅವರು ತಿರುಗಿದರು.

"ಸುರವೂದಿಲ್ಲ" ಎಂದಳು ಅವ್ವ. "ಡಬ್ಬಿ ಸಮೇತ ತಗೊಳ್ರಿ. ಹೋದ ಸಲ ಬಿಸಿ ಸಾರಿಗೆ ನಿಮ್ಮ ಡಬ್ಬಿ ಕರಗಿ ಹೋತು, ಸಾರು ಚೆಲ್ಲಿದ್ವಿ. ಇದು ಕರಗೂದಿಲ್ಲ. ತಿಂದು, ತೊಳದು, ವಾಪಸ್ ಕೊಡ್ರಿ. ಇದರ ಮ್ಯಾಲ ನನ್ನ ಹೆಸರೈತಿ, ನನಗ ಬೇಕು."

ಯಾರು ಬಂದದ್ದು ಎಂದು ಒಳಗಿನಿಂದ ಕಾಕುವಿನ ಅತ್ತೆ ಮರಾಠಿಯಲ್ಲಿ ಕೇಳಿದರು: "ಕೋಣ ಆಹೇ ಗ?" ಕಾಕು ಡಬ್ಬಿಯನ್ನು ನೋಡಿದರು. ಅವ್ವ ಚಾಚಿದ ಕೈಯನ್ನು ಹಿಂದೆ ತೆಗೆಯಲಿಲ್ಲ. ಸ್ಟೀಲು ಕಾದು ಅವಳ ಬೆರಳು ಸುಡುತ್ತಿರಬೇಕು ಎಂದು ನನಗೆ ಗೊತ್ತಿತ್ತು. ಕೊನೆಗೆ ಕಾಕು ಸೆರಗಿನಿಂದ ಡಬ್ಬಿ ಹಿಡಿದುಕೊಂಡರು, ಬಾಗಿಲು ಹಾಕಿಕೊಂಡರು.

ಡಬ್ಬಿ ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಎದುರು ಬಾಗಿಲು ಕಿರ್ ಎಂದಾಗಲೆಲ್ಲ ಅವ್ವನ ಸುಲಿಯುವ ಕೈ ನಿಲ್ಲುತ್ತಿತ್ತು. ನಾನಂತೂ ಮಾನ ಬಿಟ್ಟೆ. ಡ್ಯೂಟಿಯಿಂದ ಬಂದವಳು ಮೆಟ್ಟಿಲ ಮೂಲೆಯಲ್ಲಿದ್ದ ಅವರ ಮನೆಯ ಕಸದ ಬುಟ್ಟಿಗೆ ಬಗ್ಗಿ, ಮಾವಿನ ಸಿಪ್ಪೆ ಸರಿಸಿ, ಹುಗ್ಗಿ ಇದೆಯೇ ಎಂದು ನೋಡಿದೆ. ಮೈಮೇಲೆ ಯೂನಿಫಾರ್ಮು, ಹೆಗಲಲ್ಲಿ ಚೀಲ ಹಾಗೇ ಇತ್ತು. ಮೇಲೆ ಬರುತ್ತಿದ್ದ ಸುಜಾತಾ ಕಂಡು, "ಆಯಿ, ಕಾಯ್ ಕರ್ತೇಸ್? ಅಲ್ಲೇನ ಹುಡುಕ್ತಿ?" ಎಂದಳು. ಉಂಗುರ ಬಿದ್ದಿದೆ ಎಂದೆ. ನಾನು ಉಂಗುರ ಹಾಕುವುದಿಲ್ಲ ಎಂಬುದು ಅವಳಿಗೆ ಗೊತ್ತು.

ಬಾಲ್ಕನಿಯಲ್ಲಿದ್ದ ಗೋಣಿಚೀಲವನ್ನು ಆ ಸಂಜೆ ನಾನೇ ಹೊತ್ತು ಕಸದ ಗಾಡಿಗೆ ಹಾಕಿ ಬಂದೆ. ಸುಜಾತಾ ಹೇಳಿದಳೆಂದು ಅಲ್ಲ.

ಮುಂದೆ ಒಂದು ದಿನ ಊಟಕ್ಕೆ ಕೂರುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಕಾಕು ನಿಂತಿದ್ದರು. ಕೈಯಲ್ಲಿ ಅವ್ವನ ಡಬ್ಬಿ, ತಿಕ್ಕಿ ತೊಳೆದು ಫಳಫಳ ಹೊಳೆಯುತ್ತಿತ್ತು. ಅವ್ವ ಎದ್ದು ಬಂದು ಡಬ್ಬಿ ತೆಗೆದುಕೊಂಡು, ಮುಚ್ಚಳ ತೆರೆದು ನೋಡಿದಳು. ಒಳಗೆ ಏನೂ ಇರಲಿಲ್ಲ.

"ಏನ ಹಾಕಲಿ ಅಂತ ತಿಳೀಲಿಲ್ಲ ಅವ್ವಾ" ಎಂದರು ಕಾಕು. "ನೀವು ಹಾಕಿ ಕೊಟ್ಟಾಗ ನಾ ಬ್ಯಾಡ ಅಂದೀನಿ. ಈಗ ನಾ ಹ್ಯಾಂಗ ಹಾಕಿ ಕೊಡಲಿ? ಅದಕ್ಕ ಇಷ್ಟ ದಿನ ಆತು."

ಅವ್ವನಿಗೆ ಬೇಕಾದ ಉತ್ತರ ಬೇರೆ ಇತ್ತು, ಅದನ್ನೇ ಕೇಳಿದಳು. "ಹುಗ್ಗಿ ಯಾರ ತಿಂದ್ರಿ?"

ಎಲ್ಲರೂ ತಿಂದೆವು, ಬಹಳ ಚಲೋ ಆಗಿತ್ತು ಎಂದು ಕಾಕು ಹೇಳುತ್ತಾರೆ, ಅದು ಸುಳ್ಳು ಎಂದು ಅವ್ವನಿಗೆ ತಿಳಿಯುತ್ತದೆ, ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಕಾಕು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಅತ್ತಿ ಮುಟ್ಟಲಿಲ್ಲ" ಎಂದರು. "ಅವರು ಮುಟ್ಟೂದೂ ಇಲ್ಲ, ಸುಳ್ಳ ಯಾಕ ಹೇಳಲಿ. ನಮ್ಮವರು ಒಂದ ಚಮಚ ತಿಂದು ಎದ್ರು. ಉಳದದ್ದ ನಾನ ತಿಂದೆ, ಮರುದಿನಾನೂ ಬಿಸಿ ಮಾಡಿಕೊಂಡು." ಬಾಯಿಗೆ ಬಂದದ್ದನ್ನು ತಡೆಯಲಾರದೆ ಅಂದುಬಿಟ್ಟರು: "ಬೆಲ್ಲ ಒಂದೀಟ ಜಾಸ್ತಿ ಆಗಿತ್ತು."

ಸುಜಾತಾಳ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಅವ್ವ ಬೆನ್ನು ನೇರ ಮಾಡಿದಳು. ಅವಳ ಮುಖವೆಲ್ಲ ಅರಳಿತ್ತು, ಆದರೆ ಧ್ವನಿ ಮಾತ್ರ ಜಗಳಕ್ಕೆ ನಿಂತವಳದು.

"ಜಾಸ್ತಿ? ಹುಗ್ಗಿಗೆ ಬೆಲ್ಲ ಅಷ್ಟ ಬೇಕು. ನಿಮ್ಮ ಮನ್ಯಾಗ ಕಡಿಮಿ ಹಾಕ್ತೀರಿ, ಅದಕ್ಕ ಹಂಗ ಅನಸ್ತದ."

"ನಾವೇನ ಕಡಿಮಿ ಹಾಕೂದಿಲ್ರಿ" ಎಂದರು ಕಾಕು.

ಅವ್ವ ಖಾಲಿ ಡಬ್ಬಿಯ ಮುಚ್ಚಳ ಹಾಕಿ, ಅದನ್ನು ಮತ್ತೆ ಕಾಕುವಿನ ಕೈಯಲ್ಲೇ ಇಟ್ಟಳು.

"ಹಂಗಾದ್ರ ಒಯ್ರಿ. ನೀವು ಮಾಡಿ ಇದರಾಗ ತರ್ರಿ. ತಿಂದ ನಾನೂ ಹೇಳ್ತೀನಿ."